ಮೂಡಗಾಳಿ ಇರೂತನಕ

ಚಿಕ್ಕಸಂಗಮ ಬಿಟ್ಟಾಗ ಇನ್ನೂ ಚುಕ್ಕಿ ಇದ್ದುವು.
ಹನ್ನೊಂದು ದಿನ ಹಿನ್ನೀರಿನ ದಂಡಿ ದಂಡಿ ತಿರುಗಿ
ಇವತ್ತು ಕಡೀ ಹಾದಿ.
ಬುಟ್ಟಿಯೊಳಗ ಉಪ್ಪು ಸವರಿದ ಎರಡು ಮೀನ,
ಮುರುಕು ಕಟಕ ರೊಟ್ಟಿ, ತಳ ಕಂಡ ಶೇಂಗಾ ಹಿಂಡಿ,
ಇನ್ನೂ ತೋಯದ ಒಂದ ಕೌದಿ.

ಹಾಯಿ ಅಂದ್ರ ಏನು?
ಬೀಳಗಿ ಸರ್ಕಲ್‌ನ್ಯಾಗ ಹರದು ಬಿದ್ದಿದ್ದ ಫ್ಲೆಕ್ಸು.
ಯಾರದೋ ಹುಟ್ಟುಹಬ್ಬದ ಹಾರ್ದಿಕ ಶುಭಾಶಯ.
ತಲಿಕೆಳಗಾಗಿ ನಿಂತಾನ ಧಣಿ,
ಗಾಳಿ ತುಂಬಿದರ ಗಲ್ಲ ಉಬ್ಬತಾವ,
ಗಾಳಿ ಬಿದ್ದರ ಮೀಸಿ ಜೋತು ಬೀಳತದ.
"ಓಟು ಹಾಕಿದ್ದಕ್ಕ ಇಷ್ಟರ ದುಡದ ನೋಡು"
ಅಂತ ಇಂವ ನಗತಾನ, ಹುಟ್ಟು ತೊಡಿಮ್ಯಾಲ ಇಟ್ಟು.

ಮಾಗಿಯೊಳಗ ಮೂಡಗಾಳಿನ ನಮ್ಮ ಎತ್ತು.
ಬಿಸಿಲು ಬಲಿಯೂತನಕ ನೊಗಕ್ಕ ನಿಲ್ಲತದ,
ಆಮ್ಯಾಲ ಕಣ್ಣಿ ಹರಕೊಂಡು ಯಾಕಡೆನೋ.

ಆರನೇ ದಿನ ಜಗಳಾಡಿದ್ವಿ, ಬಲಿ ಹರದದ್ದಕ್ಕ.
ದೋಣಿಯೊಳಗ ಸಿಟ್ಟು ಮಾಡಿ ಎಲ್ಲಿಗೆ ಹೋಗಬೇಕು?
ತವರು ಅತ್ತಾಗ ಇರಲಿ, ಪಡಸಾಲಿನೂ ಇಲ್ಲ.
ನಾ ಮೂತಿಗೆ ಕುಂತೆ, ಇಂವ ಹಿಂದಕ್ಕ ಕುಂತ,
ನಡುವ ಒಂದ ತಂಬಿಗಿ.
ಎರಡು ದಿನ ತಂಬಿಗಿನ ಮಾತಾಡಿತು,
ಆಕಡೆ ವಾಲಿ, ಈಕಡೆ ವಾಲಿ.

ಈ ಹಾದಿಗೆ ನಕಾಶಿ ಇಲ್ಲ.
ಇಂವ ಮುಂದ ನೋಡೂದಿಲ್ಲ, ಕೆಳಗ ನೋಡತಾನ.
"ಇದು ಹಿಟ್ಟಿನ ಗಿರಣಿ. ಎಡಕ್ಕ ಬಾ.
ಇದು ಕರಿಸಿದ್ದ ಮಾಸ್ತರ ಮಾಳಿಗಿ, ಸಾವಕಾಶ,
ಮಧ್ಯಾಹ್ನ ಆತಂದ್ರ ಮಲಗತಿದ್ದರು."
ಹುಣಸಿಗಿಡದ ನೆತ್ತಿ ದೋಣಿ ಹೊಟ್ಟಿ ಕೆರೀತು.
ಅದರ ಬುಡಕ ನಿಂತು ಕಲ್ಲು ಒಗದಾಕಿ ನಾನು.
ಈಗ ನೆತ್ತಿಮ್ಯಾಲ ಹಾದು ಹೊಂಟೇನಿ.
ಗಿಡಕ್ಕ ಗುರ್ತು ಹತ್ತಿರಬೇಕು, ಒಂದ ಗಳಿಗಿ ಹಿಡದು ಬಿಟ್ಟಿತು.

ಆಚಿ ದಂಡ್ಯಾಗ ಕಡ್ಲಿ ಹೊಲ.
ಪಟ್ಟಿ ತಲಿ ಬಾತು ಕದ್ದು ಮೇದು
ನೂರಾರು ಒಮ್ಮೆಲೆ ಎದ್ದುವು.
ಅವಕ್ಕೂ ಮನಿ ಐತೇನು? ಕೇಳಿದೆ.
"ಎರಡು ಅದಾವ," ಅಂದ. "ನಮ್ಮಂಗ."

ಕೊಲ್ಹಾರ ಬ್ರಿಜ್ಜು ಕಾಣತಿತ್ತು, ಇರುವಿ ಹರದಂಗ ಲಾರಿ.
ಅದರ ಈಕಡೆ ಬಲಕ್ಕ ತಗಡಿನ ಸಾಲು,
ಪ್ಲಾಟ್ ನಂಬರ ತೊಂಬತ್ತೇಳು. ನಮ್ಮದು.
ಆಗ ಧಣಿ ಮೀಸಿ ಜೋತುಬಿತ್ತು.

ಗಾಳಿ ಬೀಳಾಕ ಜಾಗಾನೂ ನೋಡಿಕೊಂಡಿತ್ತು.
ಇಂವ ಬಿದಿರುಗಳ ಇಳಿಬಿಟ್ಟ, ಇನ್ನೂ ಇಳಿಬಿಟ್ಟ.
ಕಟ್ ಅಂತು.
"ನಮ್ಮ ಹೊಸ್ತಿಲ."
"ಸುಳ್ಳ. ಯಾವದೋ ಕಲ್ಲು."
"ಹೊಸ್ತಿಲ ಅಂದ್ರ ಕಲ್ಲಲ್ಲೇನು? ಹೇಳು ಈಗ."
"ಏನು?"
"ಅವತ್ತು ಹೇಳದ್ದು."

ಅವತ್ತು, ಮೂವತ್ತಾರು ವರ್ಷದ ಹಿಂದ,
ಓಣಿ ಹುಡಿಗ್ಯಾರು ಬಾಗಿಲಿಗೆ ಅಡ್ಡ ನಿಂತು
ಗಂಡನ ಹೆಸರು ಹೇಳಿ ಒಳಗ ಬಾ ಅಂದಿದ್ದರು.
ಮೀಸಿ ಸುದ್ದೆ ಚಿಗುರಿಲ್ಲ ಹುಡುಗಗ,
ಹೆಸರು ನೋಡಿದರ, ಮುತ್ತ್ಯಾನ ಹೆಸರು ಇಟ್ಟಾರ!
ಬಾಯಿಗೆ ಬಂದದ್ದು ಹೆಸರಲ್ಲ, ನಗಿ.
ಸೆರಗು ಕಚ್ಚಿ, ಅಕ್ಕಿ ಸೇರು ಒದ್ದು,
ಒಡಪು ಹೇಳದನ ಓಡಿದ್ದೆ ಒಳಗ.
ಆಮ್ಯಾಲ "ಇವರ", "ಕೇಳಿದಿರೇನು", "ಹುಡುಗರ ಅಪ್ಪ".
ಹೆಸರು ಹೊಸ್ತಿಲದಾಗ ಉಳೀತು,
ಹೊಸ್ತಿಲ ನೀರಾಗ ಹೋತು.

ಈಗ ನೋಡಿದೆ.
ಹುಬ್ಬು ಸುದ್ದೆ ಬೆಳ್ಳಗಾಗಿ, ಹಲ್ಲು ಎರಡು ಕಡಿಮಿ,
ಹೊಳಿಗೆ ಗಳ ಇಳಿಬಿಟ್ಟು ಕಾಯಾಕ ಹತ್ಯಾನ.
ಅಂಗಿ ದೊಡ್ಡದಾತಂತ ಎತ್ತಿಟ್ಟದ್ದು
ಈಗ ಸರಿ ಕುಂತಿತ್ತು ಮೈಗೆ.

ನೀರಿಗೆ ಮಾತ್ರ ಕೇಳೂವಂಗ ಅಂದೆ:

ಹೊಳಿ ತುಂಬ ನೀರಪ್ಪ, ದಂಡಿ ತುಂಬ ಕೆಸರಪ್ಪ,
ಹರದ ಹಾಯಿ ಹೊಲ್ಯಾಕ ಸೂಜಿ ನಾನಪ್ಪ,
ದಾರ ನಮ್ಮ ಮುದುಕಪ್ಪ.

ಗಳ ಕೈಯಿಂದ ಜಾರಿ ತೇಲಿತು.
ಹಿಡಿಯಾಕ ಇಬ್ಬರೂ ಒಂದ ಕಡೆ ಬಗ್ಗಿ
ದೋಣಿ ಮುಗಚೂದು ಒಂದ ಉಳದಿತ್ತು.
ತಂಬಿಗಿ ಉರುಳಿ ಹೋಗಿ ಇವನ ಪಾದಕ್ಕ ಹತ್ತಿತು.

"ಯಲಗೂರವ್ವ, ಇನ್ನೊಂದ ಸಲ."

"ಗಾಳಿ ಬರಲಿ," ಅಂದೆ.