ಮೂಗಿಗಿಂತ ಮೂಗುತಿ

ಕಟ್ಟೆ ಮೇಲೆ ಶೇಂಗಾ ಸುಲಿಯುತ್ತಿದ್ದೆ.
ಮೊಮ್ಮಗ ಗಾದಿಲಿಂಗ ಫೋನು ಹಿಡಿದು ಬಂದ:
"ಅಜ್ಜೀ, ಜಪಾನಿನ ರೈಲು ನೋಡು."
ಜಪಾನು ನನಗೇನು ಹೊಸದಲ್ಲಪ್ಪಾ, ಅಂದೆ.
ಇಪ್ಪತ್ತೆರಡು ವರ್ಷ ಅದಕ್ಕೆ ಮಣ್ಣು ಹೊತ್ತೀನಿ.

ಆಗ ಯಶವಂತನಗರದ ಸೈಡಿಂಗಿಗೆ
ಖಾಲಿ ವ್ಯಾಗನ್ನು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು.
ನಡುರಾತ್ರಿ ಮೇಸ್ತ್ರಿ ಪಕ್ಕೀರಪ್ಪ
ತಗಡು ಬಡಿದು ಎಬ್ಬಿಸುತ್ತಿದ್ದ.
ಲಾಟೀನು, ಸಿಂಬಿ, ಬುಟ್ಟಿ.
ಹಲಗೆ ಏರು, ಸುರುವು, ಇಳಿ,
ಹಲಗೆ ಏರು, ಸುರುವು, ಇಳಿ.
ಬೆಳಗಾದರೆ ಎಲ್ಲರದೂ ಒಂದೇ ಬಣ್ಣ:
ಸೀರೆ, ಹುಬ್ಬು, ಉಗುಳಿದ ಉಗುಳು,
ಕೂಸು ಬಾಯಿ ಬಿಟ್ಟ ಮೇಲೆ ಅದರ ತುಟಿಯೂ.
"ಇದು ಎಲ್ಲಿಗೆ ಹೋಗ್ತೈತಿ?"
"ಮದ್ರಾಸಿಗೆ. ಅಲ್ಲಿಂದ ಹಡಗು. ಅಲ್ಲಿಂದ ಜಪಾನು."
"ಅಲ್ಲಿ ಏನು ಮಾಡ್ತಾರ?"
ಮೇಸ್ತ್ರಿಗೆ ಹಡಗಿನ ತನಕ ಮಾತ್ರ ಗೊತ್ತಿತ್ತು.

ಗಾದಿಲಿಂಗ ತೋರಿಸಿದ ಮೊದಲನೇದು ಗುಂಡು ಮೂಗಿನದು.
ಬಿಳಿ ಮೈ, ನೀಲಿ ಅಂಚು,
ಅರವತ್ನಾಕನೇ ಇಸವಿ. ಹೆಸರು ಸೊನ್ನೆ.
ಚೊಚ್ಚಲ ಕೂಸಿಗೆ ಯಾರಾದರೂ ಸೊನ್ನೆ ಅಂತ ಕರೀತಾರೇನೋ!
ಮೂಗು ನೋಡಿದ್ದೇ ಗುರುತು ಸಿಕ್ಕಿತು:
ನಮ್ಮಪ್ಪನದು, ನಶ್ಯ ಏರಿಸಿ ಏರಿಸಿ ಉಬ್ಬಿದ್ದು.
"ಇದರ ಮೈಯೆಲ್ಲ ಉಕ್ಕು, ಅಜ್ಜಿ.
ಎಂಬತ್ತಾರರ ತನಕ ಕಟ್ಟುತ್ತಲೇ ಇದ್ದರು."
ನಾನು ಬುಟ್ಟಿ ಹಿಡಿದದ್ದು ಎಪ್ಪತ್ತೊಂದರಲ್ಲಿ.
ಶೇಂಗಾ ಕೆಳಗಿಟ್ಟೆ.
ಇರಬಹುದು. ಯಾರು ಇಲ್ಲ ಅಂದಾರು?

ಆಮೇಲೆ ಇನ್ನೂರು, ಹಸಿರು ಪಟ್ಟಿ, ಹಿಮ ತಳ್ಳಿಕೊಂಡು ಹೋಗೋದು.
ಅದರ ಹಿಂದೆ ನೂರು, ನಡುವೆ ಮಾಳಿಗೆ ಇದ್ದ ಡಬ್ಬಿ.
ನೂರಕ್ಕಿಂತ ಮೊದಲು ಇನ್ನೂರು ಹುಟ್ಟಿತಂತೆ.
ಆಗ್ತೈತಿ, ಅಂದೆ, ನಮ್ಮ ರೇಷನ್ ಕಾರ್ಡಿನಲ್ಲೂ
ನಿಮ್ಮಪ್ಪ ಅವನ ಅಕ್ಕನಿಗಿಂತ ಎರಡು ವರ್ಷ ದೊಡ್ಡವ.

ಮುನ್ನೂರರಲ್ಲಿ ಉಕ್ಕು ಬಿಟ್ಟರು.
"ಅಲ್ಯೂಮಿನಿಯಂ, ಹಗುರ, ಅದಕ್ಕೇ ಓಡ್ತೈತಿ."
ಅಲ್ಲಿಗೆ ನಮ್ಮ ಸೈಡಿಂಗಿಗೂ ಲೋಡರು ಬಂದಿತ್ತು,
ಒಂದೇ ಗುಟುಕಿಗೆ ಮೂವತ್ತು ಬುಟ್ಟಿ.
ಸಿಂಬಿ ಬಿಚ್ಚಿ ಒಲೆಯ ಮಸಿಬಟ್ಟೆ ಮಾಡಿಕೊಂಡೆ.

ಐನೂರರ ಮೂಗು ಮಾತ್ರ ಚೂಪು, ಉದ್ದ.
ಸುರಂಗ ಹೊಕ್ಕು ಹೊರಬಿದ್ದರೆ ಸಿಡಿಲಿನಂತೆ ಸದ್ದು,
ಸುತ್ತಲಿನ ಊರವರು ಬೈದರಂತೆ.
ಹಕ್ಕಿ ನೋಡೋ ಚಟದ ಇಂಜಿನಿಯರೊಬ್ಬ
ಮಿಂಚುಳ್ಳಿ ಕೊಕ್ಕಿನಂತೆ ಮೂಗು ಮಾಡಿಸಿದನಂತೆ.
ಮಿಂಚುಳ್ಳಿ!
ಕೆಲಸ ಮುಗಿದು ನಾರಿಹಳ್ಳಕ್ಕೆ ಇಳಿದರೆ
ನೀರು ಸೊಂಟದ ಸುತ್ತ ಕೆಂಪಾಗುತ್ತಿತ್ತು;
ಅದು ನಮ್ಮ ಮಗ್ಗುಲಿಗೇ ಬಿದ್ದು, ಮೀನು ಎತ್ತಿ,
ಸದ್ದಿಲ್ಲದೆ ಹೋಗುತ್ತಿತ್ತು.
ಕೇಳಿದ್ದರೆ ನಾವೂ ಹೇಳುತ್ತಿದ್ದೆವು.
ದುರುಗಮ್ಮ ಅದರ ಹಾಗೇ ಮುಳುಗುತ್ತಿದ್ದಳು.

ಏಳುನೂರು, ಬಾತುಕೋಳಿ ಮೂತಿ.
(ನಿಮ್ಮಪ್ಪ ಮುನಿಸಿಕೊಂಡಾಗ ನೋಡು.)
ಅದಾದ ಮೇಲಿನದು ಹಸಿರು, ಗಿಣಿಯಂಥದು,
ಮೂಗೊಂದೇ ಹದಿನೈದು ಮೀಟರು!
ನಮ್ಮ ಬಾಗಿಲಿಗೆ ತುದಿ ಇಟ್ಟರೆ
ಹಿತ್ತಲು ದಾಟಿ ಸಾಲಮ್ಮನ ಕೋಳಿಗೂಡು.
"ಮೂಗು ಬೆಳೆದಷ್ಟೂ ಸದ್ದು ಕಮ್ಮಿ" ಅಂದ.
ನಮ್ಮ ಓಣಿಯಲ್ಲಿ ಉಲ್ಟಾ, ಅಂದೆ,
ಮೂಗು ತೂರಿಸಿದಷ್ಟೂ ಜಗಳ.

"ಹಳಿ ಯಾವುದರದು?"
"ಉಕ್ಕು."
"ಗಾಲಿ?"
"ಅದೂ ಉಕ್ಕೇ. ಆದರೆ ಅಜ್ಜೀ, ಇನ್ನು ಬರೋದು
ಹಳಿ ಮುಟ್ಟಂಗಿಲ್ಲ, ಗಾಳ್ಯಾಗ ತೇಲ್ತೈತಿ."
ನಾನು ಏನೂ ಅನ್ನಲಿಲ್ಲ.

ಗಾದಿಲಿಂಗ ಫೋನು ನನ್ನ ಕಡೆ ತಿರುಗಿಸಿ
ಕ್ಲಿಕ್ ಅನ್ನಿಸಿ, ಹಿಗ್ಗಿಸಿ ತೋರಿಸಿದ:
ಮೊಂಡು ಮೂಗು. ಅಮ್ಮನ ಕಾಲದ ಮೂರು ಹರಳಿನ ಮೂಗುತಿ.
ಅದನ್ನು ತೆಗೆದರೆ ತೂತಿನ ಅಂಚಿಗೆ
ಈಗಲೂ ಸಣ್ಣ ಕೆಂಪು ಗೆರೆ,
ಸೀಗೆ ಹಚ್ಚಿ ತಿಕ್ಕಿದರೂ ಇರುತ್ತೆ.

"ಗಂಟೆಗೆ ಮುನ್ನೂರ ಇಪ್ಪತ್ತು ಕಿಲೋಮೀಟರು!" ಅಂದ.
ನಾನು ಕೇಳಬೇಕೆಂದಿದ್ದದ್ದು ಬೇರೆ.
ಖಾಲಿ ಇದ್ದಾಗ ಅದು ಎಷ್ಟು ಬುಟ್ಟಿ ತೂಗ್ತೈತೋ ಮಗನೇ,
ಲೆಕ್ಕ ಹಾಕಿ ಹೇಳು.
ಅಷ್ಟರೊಳಗೆ ಈ ಶೇಂಗಾ ಮುಗಿಸುತ್ತೀನಿ.