ಐದನೆಯ ಕಿಟಕಿ

ಎಂಟು ಅಂಗುಲದ ಬಿಲ್ಲೆ, ಒಂದು ಮೂಲೆ ಚಕ್ಕೆಯೆದ್ದಿದೆ.
ಇಷ್ಟು ವರ್ಷ ಅದರ ಮೇಲೆ
ಬಂಗುಡೆ ಸಾರಿನ ಮಣ್ಣಿನ ಪಾತ್ರೆ ಇಳಿಸುತ್ತಿದ್ದರಂತೆ
ಜೆಪ್ಪಿನ ನತಾಲಿಯಾ ಬಾಯಿ.
ಈಗ ಇಗರ್ಜಿಯ ಸಭಾಂಗಣದಲ್ಲಿ
ಬಿಳಿ ವಸ್ತ್ರದ ಮೇಲೆ ಮಲಗಿಸಿದ್ದಾರೆ.
ಬಗ್ಗಿ ನೋಡುತ್ತಾರೆ ಒಬ್ಬೊಬ್ಬರೇ, ಭೂತಗನ್ನಡಿ ಹಿಡಿದು.

ನೀಲಿ ಇಗರ್ಜಿ.
ಚೂಪು ಕಮಾನು, ಚೂಪು ಶಿಖರ,
ಮುಗಿಲು ಹೊಲಿಯಲು ಹೊರಟು
ದಾರ ಪೋಣಿಸಲು ಮರೆತ ಸೂಜಿ.

ನಿಜದ್ದು ಸಿಡಿಲಿಗೆ ಬಿತ್ತು, ಪಡುವಣ ಗೋಡೆ ಸಮೇತ.
ಮೊದಲು ತಗಡು ಬಂತು, ಆಮೇಲೆ ಸಿಮೆಂಟು.
ನಕ್ಷೆ ಗೆದ್ದಲಿಗೆ ಹೋಯಿತು.
ಒಂದು ಫೋಟೋ ಉಂಟು, ಅದರ ತುಂಬ ಮದುವೆಯ ದಿಬ್ಬಣ,
ಗೋಡೆ ಕಾಣುವುದಿಲ್ಲ.
ಈಗ ಇದ್ದ ಹಾಗೆಯೇ ಕಟ್ಟಬೇಕೆಂದು ಎಲ್ಲರಿಗೂ ಹಟ.
ಸಾಕ್ಷಿ ಹೇಳಲು ಉಳಿದದ್ದು
ಸಾರಿನ ಕಲೆಯ ಈ ಬಿಲ್ಲೆ ಮಾತ್ರ.

ಇಂಜಿನಿಯರ್ ಪೆನ್ಸಿಲ್ ತುದಿಯಲ್ಲಿ ಎಣಿಸಿದ:
ಕಿಟಕಿ ಐದು.
ಗುರ್ಕಾರ್ ವಿಕ್ಟೋರಿನ್ ಸಲ್ದಾನ್ಹ ಕನ್ನಡಕ ತೆಗೆದರು:
'ನಾಲ್ಕಲ್ಲವೋ? ಗಾಜು ತರಿಸಿದ ಲೆಕ್ಕ ನಾಲ್ಕಕ್ಕೇ ಉಂಟು ಮಾರಾಯ್ರೆ.'

ಆಗ ಶುರುವಾಯಿತು.
ಐದನೆಯದರ ಕೆಳಗೇ ನನ್ನಜ್ಜಿ ಕೂರುತ್ತಿದ್ದದ್ದು,
ಥಂಡಿ ಗಾಳಿ ಬರುತ್ತದೆಂದು ಬೈದುಕೊಳ್ಳುತ್ತ,
ಎಂದರು ಒಬ್ಬರು.
ನನ್ನ ಮದುವೆಯಂದು ಸೆರಗಿಗೆ ಹಳದಿ ಬೆಳಕು ಬಿದ್ದದ್ದು
ಮತ್ತೆ ಎಲ್ಲಿಂದ, ಅದರಿಂದಲೇ,
ಎಂದರು ಮತ್ತೊಬ್ಬರು.
ಎಂಬತ್ತೊಂಬತ್ತರ ನತಾಲಿಯಾ ಬಾಯಿಗೆ
ಅಲ್ಲಿ ಗೂಡು ಕಟ್ಟಿದ ಪಾರಿವಾಳ ನೆನಪಾಯಿತು,
ಪ್ರಸಂಗದ ನಡುವೆ ಅದು ಪಾದ್ರಿಯ ಭುಜಕ್ಕೆ ಮಾಡಿದ್ದೂ.
ಸಭೆ ನಕ್ಕಿತು.
ನಕ್ಕ ಮೇಲೆ ಸಂಶಯವೆಲ್ಲಿ?
ಐದೆಂದು ಬರೆದುಕೊಂಡರು.

ನಾನು ಸಾರಣೆ ಕೆಲಸದವ, ದರ ಹೇಳಲು ಬಂದವ.
ಬಾಗಿಲ ಬಳಿ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನನ್ನಪ್ಪೆ ಪೂವಕ್ಕ
ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ
ಬಣ್ಣದ ಕೋಣೆಗೆ ಹೋಗುತ್ತಿದ್ದಳು.
ಸೂಜಿಯಿಂದ ಚುಚ್ಚಿದ ಕಾಗದ ಇಟ್ಟು
ಇದ್ದಿಲ ಪುಡಿಯ ಗಂಟು ತಟ್ಟಿದರೆ
ಬಿಲ್ಲೆಯ ಮೇಲೆ ಚುಕ್ಕಿ ಚುಕ್ಕಿ ಇಗರ್ಜಿ;
ರಂಗೋಲಿಯಂತೆ ಅದನ್ನು ಕೂಡಿಸುವುದು ಅವಳ ಕೆಲಸ.
ಹಚ್ಚುವಾಗ ಬಣ್ಣ ಬೂದಿ,
ಬೆಂಕಿ ಕಂಡ ಮೇಲೇ ನೀಲಿ.
'ಮನುಷ್ಯರೂ ಕೆಲವರು ಹಾಗೆ' ಎನ್ನುತ್ತಿದ್ದಳು, ಯಾರೆಂದು ಹೇಳದೆ.

ಇಗರ್ಜಿಯೊಳಗೆ ಕಾಲಿಟ್ಟವಳಲ್ಲ.
ದೋಣಿಯಿಂದ ಕಂಡಷ್ಟು ಕಂಡದ್ದು.

ಜುಬಿಲಿಗೆಂದು ನಲವತ್ತು ಬಿಲ್ಲೆ ಬರೆಯಬೇಕಿತ್ತು.
ಅದರಲ್ಲೊಂದಕ್ಕೆ, ನಾಲ್ಕನೆಯ ಕಿಟಕಿ ದಾಟಿದ ಬರಿಗೋಡೆಗೆ,
ಕುಂಚದಿಂದ ಒಂದು ಹನಿ ಬಿತ್ತು.
ಹಸಿ ಮೆರುಗು; ಒರೆಸಿದರೆ ಎಲ್ಲ ರಾಡಿ.
ಕೆಟ್ಟ ಬಿಲ್ಲೆಗೆ ನಾಲ್ಕಾಣೆ ಕಡಿತ.
ನಾಲ್ಕಾಣೆಯೆಂದರೆ ಆಗ
ನನ್ನ ಕೆಮ್ಮಿನ ಔಷಧಿ.
ರೈಟರ್ ಬೀಡಿಗೆಂದು ಹೊರಗೆ ಹೋದದ್ದೇ ತಡ
ಹನಿಯ ಸುತ್ತ ಕಮಾನು ಎಬ್ಬಿಸಿದಳು,
ನಡುವೆ ಕಂಬಿ ಎಳೆದಳು,
ಮೇಲೊಂದು ಮೂರೆಸಳಿನ ಹೂವನ್ನೂ.
ರಾತ್ರಿ ಗಂಜಿಗೆ ಕೂತಾಗ
ಉಗುರಿನ ಬೂದುಗಪ್ಪು ತೋರಿಸಿ ನಕ್ಕಿದ್ದಳು:
'ಇವತ್ತು ಅವರ ದೇವರಿಗೊಂದು ಕಿಟಕಿ ಕೊಟ್ಟೆ,
ಸೆಕೆಗಾಲ ಅಲ್ಲವೋ.'

ಮೂವತ್ತೊಂಬತ್ತು ಎಲ್ಲಿ ಒಡೆದವೋ.
ಉಳಿದದ್ದು ಇದು.

ಇಂಜಿನಿಯರ್ ಅಳತೆ ಬರೆದುಕೊಂಡ.
ಗೀಟುಕೋಲು ಇಟ್ಟು
ಐದೂ ಕಿಟಕಿಗಳನ್ನು ಒಂದೇ ಸಾಲಿಗೆ ತಂದ,
ಕೊನೆಯದೊಂದು ತುಸು ಕೆಳಗೆ ಜಾರಿ ಎಡಕ್ಕೆ ವಾಲಿದ್ದನ್ನು
ಬರೆದವನ ಕೈತಪ್ಪೆಂದು ತಿದ್ದಿ.

'ಸಾರಣೆಗೆ ಎಷ್ಟಾಗ್ತದೆ?' ಕೇಳಿದರು ನನ್ನನ್ನು.
ದರ ಹೇಳಿದೆ, ಐದಕ್ಕೂ.
ಕಡಿಮೆ ಮಾಡಲಿಲ್ಲ.

ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದೆ.
'ಸರ್, ಆ ಕೊನೆಯ ಕಿಟಕಿ
ಸ್ವಲ್ಪ ಓರೆ ಇತ್ತು.
ಸಣ್ಣವನಿರುವಾಗ ನೋಡಿದ್ದು,
ನನಗೆ ಸರಿಯಾಗಿ ನೆನಪುಂಟು.'