ಕೊನೆಯ ಗೇಣು

ರುಸ್ತಾವಿಯ ಕಾರು ಸಂತೆಯಲ್ಲಿ, ಬೆಳಗಿನ ಚಳಿಗೆ
ಬಾನೆಟ್ಟುಗಳೆಲ್ಲ ಬಾಯಿ ತೆರೆದು ನಿಂತಿವೆ.
ತ್ಸಿಯಾಲಾ ನರ್ಸು. ಏಳು ವರ್ಷದ ರಾತ್ರಿಪಾಳಿಯ ದುಡ್ಡು
ಕೋಟಿನ ಒಳಜೇಬಿನಲ್ಲಿ.
ಬೆಳ್ಳಿ ಬಣ್ಣದ ಕಾರು. "ಅಮೆರಿಕದ ಹಲ್ಲಿನ ಡಾಕ್ಟರದ್ದು,
ಶೆಡ್ಡಿನಿಂದ ಆಚೆ ತೆಗೆದದ್ದೇ ಕಡಿಮೆ" ಎನ್ನುತ್ತಾನೆ ಮಾರುವವನು.
ಒಳಗೆ ನಿಂಬೆಯ ಪರಿಮಳ, ಸ್ವಲ್ಪ ಹೆಚ್ಚೇ.

ಜೊತೆಗೆ ಬಂದ ಚಿಕ್ಕಪ್ಪ ನೋದಾರ್ ಏನೂ ಕೇಳಲಿಲ್ಲ.
ಮೂವತ್ತು ವರ್ಷ ಇಂಥವನ್ನೇ ಬೆಸೆದ ಕೈ ಅವನದು.
ಎರಡು ಕಾರಿನ ಅರ್ಧರ್ಧ ಸೇರಿಸಿ ಒಂದು ಮಾಡಿದ್ದುಂಟು,
ಕೊಂಡವರ ಮುಖ ನೋಡದೆ
ಟೀ ಕುಡಿಯಲು ಹೋದದ್ದೂ ಉಂಟು.

ಸೀಟಿನ ಬೆಲ್ಟು ಹಿಡಿದು ಎಳೆದ.
ಎಳೆದ, ಇನ್ನೂ ಎಳೆದ,
ಬಾವಿಯಿಂದ ಹಗ್ಗ ಸೇದುವವನ ಹಾಗೆ.
ಕೊನೆಯ ಗೇಣಿನಲ್ಲಿ ಬಂತು
ಒಣಗಿದ ಕೆಸರಿನ ಗೆರೆ.
ಯಾವುದೋ ಊರಿನ ಹೊಳೆ, ಕಿಟಕಿಮಟ್ಟ ನಿಂತು ಹೋದದ್ದು;
ಸಮುದ್ರ ದಾಟಿದರೂ ಅದರ ರುಜು ಅಳಿಸಿರಲಿಲ್ಲ.

ಕಾಗದದಲ್ಲಿ ಮಾತ್ರ ಎಲ್ಲ ಶುದ್ಧ:
ಒಂದು ರಾಜ್ಯದಲ್ಲಿ ಸತ್ತದ್ದು
ಪಕ್ಕದ ರಾಜ್ಯದಲ್ಲಿ ಹೊಸ ಹಾಳೆ ಹೊದ್ದು ಎದ್ದು ಕೂತಿದೆ.

ಮಾರುವವನು ನಕ್ಕ. ಬೆಲೆ ಇಳಿಸಿದ. ಮತ್ತೆ ಇಳಿಸಿದ.
"ಅಗ್ಗವಾಯಿತಲ್ಲ, ಚಿಕ್ಕಪ್ಪ" ಎಂದಳು ತ್ಸಿಯಾಲಾ, ಅರ್ಧ ಆಸೆಯಿಂದ.
ಅವನು ಸ್ಟೀರಿಂಗಿನ ನಡುವೆ ಬೆರಳಿಂದ ತಟ್ಟಿದ,
ಮಡಕೆ ತಟ್ಟಿ ನೋಡುವಂತೆ.
ಗಾಳಿಚೀಲ ಇರಬೇಕಾದಲ್ಲಿ ಏನಿದೆಯೆಂದು
ಅವನಿಗೆ ಗೊತ್ತು. "ನಾವು ಚಿಂದಿ ತುಂಬುತ್ತಿದ್ದೆವು" ಎಂದ.
"ನಾವು" ಎಂದ.

ಬೆಲ್ಟು ಕೈಬಿಟ್ಟ. ಅದು ಒಳಗೆ ಸರಿಯದೆ
ಮರಳು ಕರಕರ ಕಡಿದು
ಅರ್ಧದಲ್ಲೇ ನಿಂತಿತು.

ಬಸ್ಸಿನಲ್ಲಿ ವಾಪಸು. ಜೇಬು ಭಾರವೇ ಇದೆ.
ಅವಳು ಕೇಳಲಿಲ್ಲ, ಎಷ್ಟು ಕಾರು ಎಂದು.
ಅವನು ಕಿಟಕಿಯಾಚೆ ಹಾಯುವ ಬೆಳ್ಳಿ ಬಣ್ಣದವನ್ನೆಲ್ಲ
ಎಣಿಸುತ್ತಿದ್ದ.